ಸಹಾಯ ಬೇಕು: ರಿಸರ್ವ್ ಲೈಟ್ ಬಂದಾಗ ಟ್ಯಾಂಕಲ್ಲಿ ನಿಜಕ್ಕೂ ಎಷ್ಟು ಪೆಟ್ರೋಲ್ ಇರುತ್ತೆ?

ಬೈಕ್ 350 ಸಿಸಿ, ಎಫ್‌ಐ (ಫ್ಯೂಯಲ್ ಇಂಜೆಕ್ಷನ್, ಕಾರ್ಬುರೇಟರ್ ಇಲ್ಲ), 13 ಲೀಟರ್ ಟ್ಯಾಂಕ್. ರಿಸರ್ವ್ 3 ಲೀಟರ್ ಅಂತ ಮ್ಯಾನ್ಯುಯಲ್‌ನಲ್ಲಿದೆ. ಹಾಗಾದ್ರೆ ಲೈಟ್ ಬಂದ ಕೂಡಲೇ ಫುಲ್ ಮಾಡಿಸಿದ್ರೆ 10 ಲೀಟರ್ ಹಿಡಿಬೇಕು. ಮೂರು ಸಲವೂ 8.2ಕ್ಕೇ ತುಂಬ್ತು. ಸೆಂಟರ್ ಸ್ಟ್ಯಾಂಡ್ ಹಾಕಿ, ಬಾಯಿ ಒಳಗಿನ ತಗಡಿನ ಅಂಚಿನವರೆಗೆ ಮಾತ್ರ ಹಾಕಿಸಿದ್ದು. ಓಡಿದ್ದು 279 ಕಿ.ಮೀ., ಲೀಟರ್‌ಗೆ 34. ಮೈಲೇಜ್ ಬಗ್ಗೆ ತಕರಾರಿಲ್ಲ.

ಉಳಿಯೋದು 3 ಲೀಟರಾ, 4.8 ಲೀಟರಾ? ಇಲ್ಲಾ 13 ಅನ್ನೋದೇ ಆ ಅಂಚು ದಾಟಿ ಬಾಯಿಮಟ್ಟ ತುಂಬಿಸಿದಾಗಿನ ಲೆಕ್ಕವಾ? ಹೆಚ್ಚುಕಮ್ಮಿ 60 ಕಿ.ಮೀ. ವ್ಯತ್ಯಾಸ, ಮನಾಲಿ–ಲೇಹ್ ದಾರಿಯಲ್ಲಿ ತಾಂಡಿ ಬಂಕ್ ದಾಟಿದ್ಮೇಲೆ ಬಂಕ್ ಸಿಗೋದೇ ಅಪರೂಪ, ಅಲ್ಲಿ ಇದು ಸಣ್ಣ ಲೆಕ್ಕ ಅಲ್ಲ. ನಿಲ್ಲೋವರೆಗೂ ಓಡಿಸಿ ನೋಡೋಕೆ ಭಯ, ಟ್ಯಾಂಕ್ ಒಳಗಿನ ಫ್ಯೂಯಲ್ ಪಂಪ್ ತಣ್ಣಗಿರೋದೇ ಸುತ್ತಲಿನ ಪೆಟ್ರೋಲ್‌ನಿಂದ.

ಪಂಪ್‌ಗೆ ಪೆಟ್ಟಾಗದ ಹಾಗೆ ಉಳಿದ ಪೆಟ್ರೋಲ್ ಇಳಿಸಿ ಅಳೆಯೋದು ಹೇಗೆ? ಮಾಡಿದವರು ದಯವಿಟ್ಟು ತಿಳಿಸಿ.