ಬಾಡಿಗೆ ಅಗ್ರಿಮೆಂಟಿನಲ್ಲಿ 'ವಿಟ್ನೆಸೆತ್' ಅಂದ್ರೆ ಏನು?

ಬನಶಂಕರಿ ಬಾಡಿಗೆದಾರ
ಬನಶಂಕರಿಯಲ್ಲಿ ಮನೆ ಸಿಕ್ಕಿದೆ. ಓನರ್ ಕಳಿಸಿದ 11 ತಿಂಗಳ ಅಗ್ರಿಮೆಂಟ್ ಓದುತ್ತಿದ್ದೇನೆ. ಒಂದಷ್ಟು 'ವೇರ್‌ಆಸ್' ಆದಮೇಲೆ ದಪ್ಪ ಅಕ್ಷರದಲ್ಲಿ 'ನೌ ದಿಸ್ ಅಗ್ರಿಮೆಂಟ್ ವಿಟ್ನೆಸೆತ್ ಆಸ್ ಫಾಲೋಸ್' ಅಂತಿದೆ. ಟೈಪಿಂಗ್ ತಪ್ಪಾ? ಸಾಕ್ಷಿಗಳ ಹೆಸರು ಅಲ್ಲೇ ಬರೆಯಬೇಕಾ? ಟೈಪ್ ಮಾಡಿದವರನ್ನು ಕೇಳಿದರೆ 'ಎಲ್ಲದರಲ್ಲೂ ಹಂಗೇ ಇರುತ್ತೆ ಸಾರ್, ಸೈನ್ ಹಾಕಿ' ಅಂದರು.

ಹಳೇ ಇಂಗ್ಲಿಷ್ ಮೇಷ್ಟ್ರು
ತಪ್ಪಲ್ಲ. 'ವಿಟ್ನೆಸಸ್' ಅನ್ನುವ ಕ್ರಿಯಾಪದದ ಹಳೆಯ ರೂಪ ಅದು. ಈಗ ಹೀ, ಶೀ, ಇಟ್ ಬಂದಾಗ ಕ್ರಿಯಾಪದದ ಕೊನೆಗೆ 'ಸ್' ಹಚ್ಚುತ್ತೇವಲ್ಲ, ಆ ಜಾಗದಲ್ಲಿ ಹಿಂದೆ 'ಎತ್' ಇತ್ತು. ಹ್ಯಾಸ್ ಬದಲು ಹ್ಯಾತ್, ಡಸ್ ಬದಲು ಡತ್. 1611ರ ಕಿಂಗ್ ಜೇಮ್ಸ್ ಬೈಬಲ್ ತೆಗೆದರೆ ತುಂಬಾ ಇದೇ. ಶೇಕ್ಸ್‌ಪಿಯರ್ ಕಾಲಕ್ಕೆ ಎರಡೂ ಬಳಕೆಯಲ್ಲಿದ್ದವು. ಮರ್ಚೆಂಟ್ ಆಫ್ ವೆನಿಸ್‌ನಲ್ಲಿ ಪೋರ್ಷಿಯಾ ದಯೆಯ ಬಗ್ಗೆ ಆಡುವ ಮಾತಿದೆ ನೋಡಿ, ಅಲ್ಲಿ ಒಂದೇ ಸಾಲಿನಲ್ಲಿ 'ಬ್ಲೆಸೆತ್' ಇದೆ, 'ಗಿವ್ಸ್' ಕೂಡ ಇದೆ! ಆಮೇಲೆ ಜನರ ಬಾಯಿಂದ 'ಎತ್' ಹೋಯಿತು, ವಕೀಲರ ಕಾಗದದಲ್ಲಿ ಮಾತ್ರ ಗಟ್ಟಿಯಾಗಿ ಕೂತಿದೆ.

ಇಲ್ಲಿ ಸಾಕ್ಷಿ ಹೇಳುತ್ತಿರುವುದು ಮನುಷ್ಯರಲ್ಲ, ಆ ಕಾಗದ. 'ಮುಂದೆ ಬರೆದಿರುವ ಮಾತುಗಳಿಗೆ ಈ ಕರಾರೇ ಸಾಕ್ಷಿ' ಅಂತ.

ಗಾಂಧಿಬಜಾರ್ ವಕೀಲ
ಮೇಷ್ಟ್ರು ಹೇಳಿದ್ದು ಸರಿ. ಸಾಕ್ಷಿಗಳು ಸಹಿ ಹಾಕುವ ಜಾಗ ಕೊನೆಯ ಪುಟದಲ್ಲಿರುತ್ತದೆ, ಅದಕ್ಕೂ ಈ ಪದಕ್ಕೂ ಸಂಬಂಧವಿಲ್ಲ. ಈ ಪದ ತೆಗೆದು 'ಎರಡೂ ಕಡೆಯವರು ಕೆಳಗಿನಂತೆ ಒಪ್ಪಿದ್ದಾರೆ' ಅಂತ ಬರೆಸಿದರೂ ಏನೂ ಆಗುವುದಿಲ್ಲ. ಅಂದಹಾಗೆ 11 ತಿಂಗಳು ಅಂತ ಹಾಕುವುದಕ್ಕೆ ಕಾರಣ 1908ರ ನೋಂದಣಿ ಕಾಯ್ದೆ: ಒಂದು ವರ್ಷ ಮೀರಿದ ಲೀಸ್ ಆದರೆ ರಿಜಿಸ್ಟರ್ ಮಾಡಿಸಲೇಬೇಕು. ಸುಮ್ನೆ ಆ ಪದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅದರ ಕೆಳಗಿರುವ ಕಲಮುಗಳನ್ನು ಓದಿ. ಖಾಲಿ ಮಾಡುವಾಗ ಪೇಂಟಿಂಗಿಗೆ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿದುಕೊಳ್ಳುತ್ತಾರೆ ಅಂತ ಬರೆದಿದ್ದಾರಾ?

ಸುಮ್ನೆ ಓದುಗ
ನಮ್ಮ ಕನ್ನಡ ಪತ್ರಗಳು ಏನು ಕಮ್ಮಿ ಸ್ವಾಮಿ? 'ಬರೆದುಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ' ಅಂತ ಶುರುವಾಗಿ ಪುಟಗಟ್ಟಲೆ 'ಸದರಿ ಸ್ವತ್ತು, ಸದರಿ ಸ್ವತ್ತು'. 'ಕ್ರಮವೇನೆಂದರೆ' ಅಲ್ಲಿ ಮಾಡುವುದೂ ಹೆಚ್ಚುಕಮ್ಮಿ ಇದೇ ಕೆಲಸ ಅಲ್ವಾ? ಮನೆಯಲ್ಲಿ ಯಾರೂ ಹಂಗೆ ಮಾತಾಡಲ್ಲ.

ಬನಶಂಕರಿ ಬಾಡಿಗೆದಾರ
ಥ್ಯಾಂಕ್ಸ್ ಎಲ್ಲರಿಗೂ. ವಕೀಲರೇ, ಈಗ ನೋಡಿದೆ, ಆರನೇ ಕಲಮಿನಲ್ಲಿದೆ. ಪೇಂಟಿಂಗಿಗೆ ಎರಡು ತಿಂಗಳ ಬಾಡಿಗೆಯಂತೆ! ಇದನ್ನು ಒಂದು ತಿಂಗಳಿಗೆ ಇಳಿಸಿ ಅಂತ ಕೇಳಬಹುದಾ?

ಗಾಂಧಿಬಜಾರ್ ವಕೀಲ
ಧಾರಾಳವಾಗಿ ಕೇಳಿ. ಸಹಿ ಹಾಕುವ ಮುಂಚೆ ಮಾತ್ರ.