‘ಪ್ರೈವೇಟ್ ವಿಂಡೋ’ಗೆ ‘ಖಾಸಗಿ ಕಿಟಕಿ’ ಸರಿಹೋಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಮುಂಬೈಯ ಮಾಟುಂಗಾ, ಡೊಂಬಿವಲಿ ಕಡೆಯ ನಮ್ಮ ಹಿರಿಯರಿಗಾಗಿ ಬ್ರೌಸರ್ ಬಗ್ಗೆ ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಫೈರ್‌ಫಾಕ್ಸ್ ಹಾಕಿಕೊಳ್ಳಿ, ಅದಕ್ಕೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಜೋಡಿಸುವ ಚಿಕ್ಕ ತಂತ್ರಾಂಶ) ಸೇರಿಸಿ ಅನ್ನುವುದೇ ಅದರ ಸಾರ. ಆಂಡ್ರಾಯ್ಡ್ ಫೋನಿನಲ್ಲೂ ಈ ಜೋಡಿ ನಡೆಯುತ್ತದೆ, ಅದಕ್ಕೇ ಈ ಆಯ್ಕೆ. ಬ್ರೌಸರ್, ಎಕ್ಸ್‌ಟೆನ್ಶನ್, ಕುಕೀ (ಸೈಟುಗಳು ನಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಚಿಕ್ಕ ಗುರುತು) ಇವನ್ನೆಲ್ಲ ಅನುವಾದಿಸದೆ ಹಾಗೇ ಬಿಟ್ಟಿದ್ದೇನೆ. ತೊಡಕಾಗಿರುವುದು ‘ಪ್ರೈವೇಟ್ ವಿಂಡೋ’.

‘ಖಾಸಗಿ ಕಿಟಕಿ’ ಎಂದು ಬರೆದು ನಮ್ಮ ಕಟ್ಟಡದ ಹಿರಿಯರೊಬ್ಬರಿಗೆ ಓದಲು ಕೊಟ್ಟೆ. “ಹಾಗಾದ್ರೆ ಇದರಲ್ಲಿ ನೋಡಿದ್ದು ಯಾರಿಗೂ ಗೊತ್ತಾಗಲ್ಲ, ಅಲ್ವಾ?” ಎಂದರು. ಗೊತ್ತಾಗುತ್ತದೆ! ಕಿಟಕಿ ಮುಚ್ಚಿದ ಮೇಲೆ ನೋಡಿದ ಪುಟಗಳ ಪಟ್ಟಿ, ಕುಕೀಗಳು ನಮ್ಮ ಕಂಪ್ಯೂಟರಿನಲ್ಲಿ ಉಳಿಯುವುದಿಲ್ಲ, ಅಷ್ಟೇ. ಇಳಿಸಿಕೊಂಡ ಫೈಲು ಅಲ್ಲೇ ಇರುತ್ತದೆ. ಯಾವ ಸೈಟಿಗೆ ಹೋದೆವು ಅನ್ನುವುದು ಇಂಟರ್ನೆಟ್ ಕೊಡುವ ಕಂಪನಿಗೆ, ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಕಾಣಬಹುದು. ಇನ್ನೊಂದು ವಿಷಯ: ಫೈರ್‌ಫಾಕ್ಸಿನಲ್ಲಿ ನಾವಾಗಿ ಅನುಮತಿ ಕೊಡದಿದ್ದರೆ ಯುಬ್ಲಾಕ್ ಆ ಕಿಟಕಿಯಲ್ಲಿ ಕೆಲಸವನ್ನೇ ಮಾಡುವುದಿಲ್ಲ.

‘ಖಾಸಗಿ ಬಸ್ಸು’ ಅಂದರೆ ಸರ್ಕಾರದ್ದಲ್ಲ ಎಂದಷ್ಟೇ ಅರ್ಥ, ದುಡ್ಡು ಕೊಟ್ಟರೆ ಯಾರು ಬೇಕಾದರೂ ಹತ್ತಬಹುದು. ಇಲ್ಲಿನ ಮರಾಠಿಯಲ್ಲೂ ಅದೇ ಪದ ಇದೆ. ‘ಖಾಸಗಿ ವಿಷಯ’ ಅಂದಾಗ ಮಾತ್ರ ಬೇರೆಯವರು ಇಣುಕಬಾರದು ಅನ್ನುವ ಅರ್ಥ ಬರುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ, ‘ಖಾಸಗಿತನ’ ಮೂಲಭೂತ ಹಕ್ಕು ಎಂಬ ತೀರ್ಪಿನ ಸುದ್ದಿಯಲ್ಲಿ ಆ ಪದ ಬಂದದ್ದೂ ಈ ಅರ್ಥದಲ್ಲೇ. ಹಾಗಾಗಿ ಓದುವವರು ಕಿಟಕಿಗೂ ಅದನ್ನೇ ಹಚ್ಚಿಕೊಳ್ಳುತ್ತಾರೆ. ‘ಗುಪ್ತ’ ಅಂದರಂತೂ ಭರವಸೆ ಇನ್ನೂ ಜಾಸ್ತಿ.

ನನಗೆ ಹೊಳೆದದ್ದು ‘ನೆನಪಿಡದ ಕಿಟಕಿ’. ಆಗುವುದು ಅದೇ: ಬ್ರೌಸರ್ ನೆನಪಿಡುವುದಿಲ್ಲ. ಉಳಿದವರು ನೆನಪಿಡುವುದಿಲ್ಲ ಎಂದು ಈ ಪದ ಹೇಳುವುದಿಲ್ಲ. ಆದರೆ ಮೆನುವಿನಲ್ಲಿ ಈ ಹೆಸರು ಇರುವುದಿಲ್ಲವಲ್ಲ, ಹಿರಿಯರು ಹುಡುಕಿ ಸುಸ್ತಾಗಬಾರದು. ಮೆನುವಿನ ಹೆಸರನ್ನೇ ಕೊಟ್ಟು, ಮೊದಲ ಸಲ ಬಂದಾಗ ಇದನ್ನು ಜೊತೆಗೆ ಹೇಳಿದರೆ ಸಾಕೇ?

‘ಟ್ರ್ಯಾಕರ್’ಗೂ ಒಂದು ಪದ ಬೇಕು. ನಾವು ಒಂದು ಸೈಟಿನಿಂದ ಇನ್ನೊಂದಕ್ಕೆ ಹೋದಂತೆಲ್ಲ ಒಂದೇ ಕಂಪನಿ ಹಿಂದೆಯೇ ಬರುತ್ತದೆ. ‘ಜಾಡು ಹಿಡಿಯುವುದು’ ಚೆನ್ನಾಗಿ ಕೂರುತ್ತದೆ, ಆದರೆ ಅದನ್ನು ಮಾಡುವುದಕ್ಕೆ ಹೆಸರು? ‘ಪತ್ತೇದಾರ’ ಅಂದರೆ ಪೊಲೀಸರ ಕಡೆಯವರು ಅನಿಸುತ್ತದೆ. ‘ಜಾಡುಗ’ ಎಂದು ಕಟ್ಟಬಹುದೇ? ಸದ್ದಿಲ್ಲದೆ ಬೆನ್ನಿಗೆ ಬರುವವರಿಗೆ ಧಾರವಾಡ, ಮಂಗಳೂರು ಕಡೆ ಬಳಕೆಯ ಮಾತಿದ್ದರೆ ದಯವಿಟ್ಟು ತಿಳಿಸಿ.