47ನೇ ವಯಸ್ಸಿಗೆ ಲಿಂಕ್ಡ್ ಲಿಸ್ಟ್ ತಿರುಗಿಸಿ ತೋರಿಸಬೇಕಾ?

ಉಣಕಲ್ ಕೆರೆ ಹತ್ತಿರದವ:
ಹುಬ್ಬಳ್ಳಿಯವನು, ಪ್ರೋಗ್ರಾಮರ್. ವಿಷುವಲ್ ಬೇಸಿಕ್ 6ರಿಂದ ಶುರು ಮಾಡಿ ಈಗ ಸಿ ಶಾರ್ಪ್‌ಗೆ ಬಂದಿದ್ದೇನೆ. 22 ವರ್ಷದಲ್ಲಿ ಜಾಸ್ತಿ ಮಾಡಿದ್ದು ದಲಾಲಿ ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್.

ಹೋದ ವಾರ ವಿಡಿಯೋ ಕಾಲ್‌ನಲ್ಲಿ ಇಂಟರ್‌ವ್ಯೂ. ಕೇಳಿದವನು ನನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವನಿರಬೇಕು. ಒಳ್ಳೆ ಹುಡುಗ, ಮಾತಿಗೊಮ್ಮೆ ಸರ್ ಅಂತಿದ್ದ. ‘ಲಿಂಕ್ಡ್ ಲಿಸ್ಟ್ ತಿರುಗಿಸಿ, ಇಪ್ಪತ್ತು ನಿಮಿಷ’ ಅಂದ. ಒಂದೊಂದು ಡಬ್ಬಿ (ನೋಡ್) ತನ್ನ ಮುಂದಿನದರ ವಿಳಾಸ ಇಟ್ಟುಕೊಂಡಿರುವ ಸರಪಳಿ ಅದು; ಕೊಂಡಿಗಳನ್ನೆಲ್ಲ ಹಿಂದುಮುಂದು ಮಾಡಬೇಕು. ಕೆಲಸದಲ್ಲಿ ಒಮ್ಮೆಯೂ ಅದನ್ನು ಬರೆದಿಲ್ಲ. ಮುಂದಿನ ನೋಡ್ ಎತ್ತಿಟ್ಟುಕೊಳ್ಳದೇ ಕೊಂಡಿ ತಿರುಗಿಸಿದೆ. ಉಳಿದ ಲಿಸ್ಟೆಲ್ಲ ಕೈತಪ್ಪಿತು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್‌ನಲ್ಲಿ ಒಂದು ಅಂಗಡಿಯ ಎರಡು ಕಂಪ್ಯೂಟರ್ ಒಟ್ಟಿಗೆ ಬಿಲ್ ಹೊಡೆದರೆ ಒಂದರ ಬಿಲ್ ಬಿದ್ದುಹೋಗುತ್ತಿತ್ತು. ಹೊರಗೆ ರೈತರು ಪಟ್ಟಿಗೆ ಕಾಯುತ್ತಿದ್ದರು. ನಾನು ಒಳಗೆ ಘಾಟಿಗೆ ಕೆಮ್ಮುತ್ತ ಕೋಡ್ ನೋಡಿದೆ. ಒಂದು ಕಡೆ ಮೊದಲು ಲಾಟ್‌ನ (ಮಾಲಿನ ರಾಶಿಯ) ದಾಖಲೆ ಲಾಕ್, ಅಂದರೆ ಬೇರೆಯವರು ಮುಟ್ಟದಂತೆ ಹಿಡಿದಿಡುವುದು, ಆಮೇಲೆ ರೈತರ ಖಾತೆ. ಇನ್ನೊಂದು ಕಡೆ ಉಲ್ಟಾ. ಎರಡೂ ಒಂದಕ್ಕೊಂದು ಅಡ್ಡ ನಿಂತು, ಕೊನೆಗೆ ಡೇಟಾಬೇಸೇ ಒಂದನ್ನು ಹೊರಗೆ ಹಾಕುತ್ತಿತ್ತು. ಎರಡೂ ಕಡೆ ಒಂದೇ ಕ್ರಮ ಮಾಡಿದೆ, ಮುಗೀತು. ಇಂಥದ್ದನ್ನು ಯಾರೂ ಕೇಳಲ್ಲ, ಅಲ್ವಾ?

ಧಾರವಾಡ ಪೇಢಾ:
ನಾನು ಇಂಟರ್‌ವ್ಯೂನಲ್ಲಿ ಪ್ರಶ್ನೆ ಕೇಳುವ ಕಡೆ ಕೂರುವವನು ಅಣ್ಣಾ. ವಯಸ್ಸು ನೋಡಿ ಯಾರನ್ನೂ ಕೈಬಿಡಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ ಕೊಟ್ಟರೆ ಅಂಕ ಹಾಕುವುದು ಸಲೀಸು, ಅಷ್ಟೇ. ಆದರೆ ಪ್ರಶ್ನೆ ಕಾಲೇಜು ಪುಸ್ತಕದ್ದೇ, ನಿಜ. ಹೋದ ವರ್ಷ ಪರೀಕ್ಷೆ ಬರೆದವನಿಗೆ ಅದು ಬಾಯಿಪಾಠ. ಎರಡು ತಿಂಗಳು ಕೈ ಪಳಗಿಸಿಕೊಳ್ಳಿ. ಹಾಳೆ ಮೇಲೆ ಡಬ್ಬಿ ಬಾಣ ಬರೆದುಕೊಂಡು ಬಾಯಿಬಿಟ್ಟು ಹೇಳುತ್ತ ಮಾಡಿ.

ಗದಗಿನವಳು:
ಎರಡು ತಿಂಗಳು ಅಂತ ಸುಮ್ನೆ ಹೇಳಬೇಡ್ರಿ. ಸಂಜೆ ಅತ್ತೆಯ ಔಷಧ, ಮಕ್ಕಳ ಹೋಮ್‌ವರ್ಕ್ ಮುಗಿಯುವಷ್ಟರಲ್ಲಿ ಹತ್ತು ಗಂಟೆ. ಮನೆಗೆ ಕೊಡುವ ಅಸೈನ್‌ಮೆಂಟ್ ಇನ್ನೂ ಕೆಟ್ಟದ್ದು, ಶನಿವಾರ ಭಾನುವಾರ ಎರಡನ್ನೂ ತಿನ್ನುತ್ತೆ. ನನಗೆ ಕೆಲಸ ಸಿಕ್ಕ ಕಡೆ ಕೆಟ್ಟ ಕೋಡ್ ಕೊಟ್ಟು, ಒಂದು ತಾಸಿನಲ್ಲಿ ತಪ್ಪು ಹುಡುಕಿ ಅಂದಿದ್ದರು. 43ರಲ್ಲಿ ಅದು ನನಗೆ ಹಬ್ಬ.

ಹಾವೇರಿ ಎಕ್ಸ್‌ಪ್ರೆಸ್:
ಅಮೆರಿಕದಲ್ಲಿ 40 ದಾಟಿದವರಿಗೆ ವಯಸ್ಸಿನ ತಾರತಮ್ಯದ ವಿರುದ್ಧ 1967ರಲ್ಲೇ ಕಾನೂನು ಬಂತು. ಅಲ್ಲೂ ‘ಲಿಸ್ಟ್ ತಿರುಗಿಸು’ ಅನ್ನುವುದರಲ್ಲಿ ವಯಸ್ಸು ಎಲ್ಲಿದೆ ಅಂತ ತೋರಿಸುವುದು ಕಷ್ಟ.

ಉಣಕಲ್ ಕೆರೆ ಹತ್ತಿರದವ:
ಅಕ್ಕಾ, ಆ ಥರದ್ದೇ ಬೇಕು ನನಗೂ. ಸದ್ಯಕ್ಕೆ ಬೆಳಿಗ್ಗೆ ಐದಕ್ಕೆ ದಿನಾ ಒಂದು ಪ್ರಶ್ನೆ, ನೀರು ಬಿಡುವ ದಿನ ಬಿಟ್ಟು. ಮಗಳು ಟೈಮ್ ನೋಡುತ್ತಾಳೆ. ನಿನ್ನೆ ಲಿಸ್ಟ್ ತಿರುಗಿತು, ಹನ್ನೊಂದು ನಿಮಿಷ. ಧಾರವಾಡದ ತಮ್ಮಾ, ‘ಮೊದಲು ನಾನು ಬಿಡಿಸಿದ ಒಂದು ಕೇಸ್ ಹೇಳ್ಲಾ’ ಅಂದರೆ ನೀವು ತಪ್ಪು ತಿಳೀತೀರಾ?